ಕಾಗದವಿಲ್ಲದ ಬಿಡುಗಡೆ

ನನ್ನ ಅಪ್ಪ ಅಮ್ಮ ಬೇರೆಯಾದದ್ದು ನನ್ನ ಎಂಟನೇ ವಯಸ್ಸಿನಲ್ಲಿ, ದೈವದ ಚಾವಡಿಯಲ್ಲಿ, ಒಂದು ಗಂಟೆಯೊಳಗೆ. ಕೋರ್ಟಿಲ್ಲ, ವಕೀಲರಿಲ್ಲ. ಎರಡೂ ಮನೆಯ ಹಿರಿಯರು ಕೂತು ಮಾತಾಡಿ, ದೈವದ ಎದುರು ಕೈಮುಗಿಸಿ ಹೇಳಿಸಿದರೆ ನಮ್ಮಲ್ಲಿ ಬಿಡುಗಡೆ ಆಯಿತೆಂದೇ ಲೆಕ್ಕ. ಅಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಮಗಳ ಓದಿನ ಖರ್ಚು ಪೂರಾ ನನ್ನದು." ಯಾರೋ ಒಬ್ಬರು ಇದನ್ನೆಲ್ಲ ಸ್ಟಾಂಪ್ ಪೇಪರಿನಲ್ಲಿ ಬರೆಸಿಡುವ ಎಂದರಂತೆ. ನನ್ನ ಸೋದರಮಾವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ದೈವದ ಎದುರು ಆದ ಮಾತಿಗೆ ಕಾಗದ ಎಂತಕ್ಕೆ ಮಾರಾಯ್ರೆ? ನಿಮಗೆ ನಂಬಿಕೆ ಇಲ್ವಾ?" ನಂಬಿಕೆ ಇಲ್ಲ ಎಂದು ಚಾವಡಿಯಲ್ಲಿ ನಿಂತು ಯಾರು ಹೇಳುತ್ತಾರೆ? ಎಲ್ಲರೂ ತಲೆಯಾಡಿಸಿ ಊಟಕ್ಕೆದ್ದರು.

ಆಮೇಲೆ ಅಪ್ಪ ಗುಂಡ್ಯದಲ್ಲಿ ಹೋಟೆಲು ಹಾಕಿ ಇನ್ನೊಂದು ಮದುವೆಯಾದ. ಘಾಟಿ ಹತ್ತುವ ಲಾರಿಗಳೆಲ್ಲ ಅವನ ಹೋಟೆಲಿನ ಎದುರು ನಿಲ್ಲುತ್ತಿದ್ದವು. ಅಮ್ಮನಿಗೂ ಎರಡು ವರ್ಷದಲ್ಲಿ ಅಜ್ಜಾವರದ ಒಬ್ಬ ಸರಕಾರಿ ನೌಕರರ ಜೊತೆ ಮದುವೆಯಾಯಿತು. ಅಲ್ಲಿ ಅವಳಿಗೆ ಇಬ್ಬರು ಮಕ್ಕಳಾದರು. ನಾನು ಕೊಲ್ಲಮೊಗ್ರಿನಲ್ಲಿ ಅಜ್ಜಿಯ ಜೊತೆ, ಸೋದರಮಾವನ ಜೊತೆ ಉಳಿದೆ. ಮದುವೆಯೇ ಆಗದ ಮಾವ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ತೀರಿಹೋದರು.

ಪಿಯುಸಿ ಮುಗಿದು ಪುತ್ತೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದಾಗ ಅಜ್ಜಿ ನೆರೆಮನೆಗಳಿಗೆಲ್ಲ ಹೋಗಿ ಹೇಳಿ ಬಂದರು. ಫೀಸು ಕಟ್ಟುವ ತಾಕತ್ತು ನಮಗಿರಲಿಲ್ಲ. ಆದಾಯ ಪ್ರಮಾಣ ಪತ್ರ ಕೊಟ್ಟರೆ ಸರಕಾರದಿಂದ ಫೀಸು ಮಾಫಿ, ಇಲ್ಲದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಹದಿನೈದು ದಿನ ಸಮಯವಿತ್ತು. ಎಂತ ಮಹಾ, ಒಂದು ಕಾಗದ ತಾನೇ ಎಂದುಕೊಂಡು ಅರ್ಜಿ ಕೊಡಲು ನಾಡಕಚೇರಿಗೆ ಹೋದೆ.

ಕಂಪ್ಯೂಟರಿನ ಮುಂದೆ ಕೂತವರು ಹೇಳಿದರು, "ನಿನ್ನ ಹೆಸರು ಕಡಬ ತಾಲೂಕಿನಲ್ಲಿ, ಅಪ್ಪನ ರೇಷನ್ ಕಾರ್ಡಿನಲ್ಲಿ ಉಂಟು. ಅಪ್ಪನ ಆದಾಯವೇ ತೋರಿಸುದು. ಹೋಟೆಲು ಉಂಟಲ್ಲ, ನಿಂಗೆ ಮಾಫಿ ಎಂತಕ್ಕೆ?" ಹತ್ತು ವರ್ಷದಿಂದ ಒಂದು ತುತ್ತು ಉಣ್ಣದ ಮನೆಯಲ್ಲಿ ನಾನು ಕಾರ್ಡಿನ ಪ್ರಕಾರ ಅನ್ನ ತಿನ್ನುತ್ತಿದ್ದೆ! ಅಪ್ಪ ಅಮ್ಮ ಬೇರೆಯಾಗಿದ್ದಾರೆ ಎಂದೆ. ಹಾಗಾದರೆ ಕೋರ್ಟಿನ ಆರ್ಡರು ತಾ ಎಂದರು.

ಗುಂಡ್ಯದ ಬಸ್ಸು ಹತ್ತಿದೆ. ಅಪ್ಪ ಎರಡು ಬನ್ಸು, ಒಂದು ಚಹಾ ಕೊಡಿಸಿ, ತಿಂದಾಗುವವರೆಗೆ ಕಾದ. ನಾನು ವಿಷಯ ಹೇಳಿದೆ. "ನೀನೀಗ ಅಮ್ಮನ ಕಡೆಯವಳಲ್ವಾ? ಅವಳ ಗಂಡನಿಗೆ ಸಂಬಳ ಬರ್ತದೆ, ಅವನತ್ರ ಕೇಳು. ನನಗೂ ಮಕ್ಕಳು ಉಂಟು" ಎಂದ.

"ದೈವದ ಎದುರು ಹೇಳಿದ್ದು ಎಂತಾಯ್ತು?"

ಅಪ್ಪ ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. "ಕಾಗದ ಉಂಟಾ?" ಎಂದು ಕೇಳಿದ.

ನನಗೆ ಮೈಯೆಲ್ಲ ಉರಿಯಿತು. ಚಹಾದ ಗ್ಲಾಸನ್ನು ಅಲ್ಲೇ ಕುಕ್ಕಿ, "ನಿನ್ನ ಬನ್ಸಿನ ದುಡ್ಡು ದೈವವೇ ಕೊಡ್ತದೆ, ಬರ್ಕೊ" ಎಂದು ಕೂಗಿ ಬಂದೆ. ಊಟಕ್ಕೆ ಕೂತಿದ್ದ ಲಾರಿ ಡ್ರೈವರುಗಳು ತುತ್ತಿನ ಕೈ ಎತ್ತಿ ಹಿಡಿದುಕೊಂಡೇ ನೋಡುತ್ತಿದ್ದರು. ಬಸ್ಸಿನಲ್ಲಿ ಅಳಲಿಲ್ಲ. ಅಪ್ಪನಿಂದ ನನಗೆ ದೊಡ್ಡ ನಿರೀಕ್ಷೆಯೂ ಇರಲಿಲ್ಲ ಎಂದು ಈಗ ಅನಿಸುತ್ತದೆ.

ದಾರಿ ತೋರಿಸಿದ್ದು ನಮ್ಮ ಊರಿನ ಗ್ರಾಮಕರಣಿಕರು. ಪಾಪ, ಒಳ್ಳೆಯ ಮನುಷ್ಯ. "ನಾನೇ ಮನೆಗೆ ಬಂದು ಮಹಜರು ಮಾಡ್ತೇನೆ. ನಿನ್ನ ತಾಯಿ ಒಂದು ಹೇಳಿಕೆ ಕೊಡ್ಲಿ, ಗಂಡನಿಂದ ಬೇರೆಯಾಗಿದ್ದೇನೆ, ಮಗಳನ್ನು ಸಾಕುದು ಅಜ್ಜಿ ಅಂತ. ಅಜ್ಜಿಯ ಆದಾಯದ ಮೇಲೆ ಬರೆದು ಕಳಿಸ್ತೇನೆ" ಎಂದರು. ಅಮ್ಮನಿಗೆ ಫೋನು ಮಾಡಿದೆ. "ಬರ್ತೇನೆ ಮಗಾ, ನಿನ್ನ ಓದಿಗಿಂತ ಹೆಚ್ಚಿಂದು ಎಂತ ಉಂಟು ನಂಗೆ?" ಎಂದಳು. ನನಗೆ ಆನೆ ಬಲ ಬಂತು. ಆ ದಿನ ಅಜ್ಜಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ಅಜ್ಜಿ ಬೈದರು.

ಹೇಳಿದ ದಿನ ಅಮ್ಮ ಬೆಳಗ್ಗಿನ ಬಸ್ಸಿನಲ್ಲೇ ಬಂದಳು. ನನ್ನ ಕೂದಲಿಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು. ಮುಂದೆ ಬಿಳಿ ಕೋಟು ಹಾಕಿದರೆ ನೀನು ಚಂದ ಕಾಣ್ತಿ ಎಂದಳು. ಹನ್ನೊಂದು ಗಂಟೆಗೆ ಗ್ರಾಮಕರಣಿಕರು ಬಂದು, ಅಜ್ಜಿ ಕೊಟ್ಟ ಶರಬತ್ತು ಕುಡಿದು, ಬರೆದುಕೊಂಡು ಬಂದದ್ದನ್ನು ಓದಿದರು. "ಹಿರಿಯರ ಸಮ್ಮುಖದಲ್ಲಿ, ನ್ಯಾಯಾಲಯದ ಆದೇಶವಿಲ್ಲದೆ ಬೇರ್ಪಟ್ಟು, ನಂತರ ಮರುಮದುವೆಯಾಗಿ" ಎಂಬಲ್ಲಿಗೆ ಬಂದಾಗ ಅಮ್ಮ ತಡೆದಳು.

"ಕೋರ್ಟಿನ ವಿಷಯ ಯಾಕೆ ಸರ್? ಇದು ನಮ್ಮ ಮನೆಯವರ ಆಫೀಸಿಗೆ ಹೋಗುದಾ?"

"ಹೋಗುದಿಲ್ಲಮ್ಮ. ಆದ್ರೆ ದಾಖಲೆ ದಾಖಲೆಯೇ. ಯಾರು ಕೇಳಿದ್ರೂ ಕೊಡ್ಬೇಕಾಗ್ತದೆ."

ಅಮ್ಮನ ಮುಖ ಬಿಳುಚಿತು. ಕೋರ್ಟಿನ ಕಾಗದವಿಲ್ಲ ಎಂದರೆ ಕಾನೂನಿನಲ್ಲಿ ಅವಳು ಇನ್ನೂ ಅಪ್ಪನ ಹೆಂಡತಿಯೇ. ಎರಡನೇ ಮದುವೆಗೆ ಬೆಲೆಯಿಲ್ಲ, ಗಂಡನ ಸರಕಾರಿ ನೌಕರಿಗೆ ಕುತ್ತು. ಅಷ್ಟು ನನಗೂ ಅರ್ಥವಾಯಿತು. ಆಗುವುದಿಲ್ಲ ಎಂದು ಅವಳು ಎದ್ದು ಹೋಗಿದ್ದರೆ ನಾನು ಜಗಳ ಮಾಡಿ, ಅತ್ತು, ಕೊನೆಗೆ ಸುಮ್ಮನಾಗುತ್ತಿದ್ದೆ.

ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು, "ಸರ್, ನೀವು ತಪ್ಪು ತಿಳ್ಕೊಂಡಿದ್ದೀರಿ. ಇವಳು ನನ್ನ ಮಗಳಲ್ಲ. ತೀರಿಹೋದ ಅಣ್ಣನ ಮಗಳು."

ಗ್ರಾಮಕರಣಿಕರು ನನ್ನ ಅಂಕಪಟ್ಟಿ ತೆಗೆದು ತೋರಿಸಿದರು. "ತಾಯಿ ಅಂತ ನಿಮ್ಮ ಹೆಸರೇ ಉಂಟಲ್ಲ?"

"ಅತ್ತಿಗೆಗೂ ಅದೇ ಹೆಸರು" ಎಂದಳು ಅಮ್ಮ.

ಮದುವೆಯೇ ಆಗದೆ ಸತ್ತ ಮಾವನಿಗೆ ಒಂದೇ ಕ್ಷಣದಲ್ಲಿ ಹೆಂಡತಿಯೂ ಆದಳು, ಮಗಳೂ ಆದಳು. ಆ ಮಾತು ಎಷ್ಟು ಸಲೀಸಾಗಿ ಬಂತು! ಅಜ್ಜಾವರದಲ್ಲಿ ಎಷ್ಟು ಮನೆಗಳಲ್ಲಿ, ಎಷ್ಟು ಸಲ ಹೇಳಿ ಬಾಯಿಪಾಠ ಮಾಡಿಕೊಂಡಿದ್ದಳೋ. ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಗ್ರಾಮಕರಣಿಕರು ದಡ್ಡರಲ್ಲ. ಪೆನ್ನು ಕೆಳಗಿಟ್ಟು ನನ್ನತ್ತ ತಿರುಗಿದರು. "ನೀನು ಹೇಳು. ಇವರು ನಿಂಗೆ ಎಂತ ಆಗ್ಬೇಕು?"

"ಅಮ್ಮ" ಎಂದು ನಾನು ಹೇಳಿದ್ದರೆ ನನ್ನ ಹೇಳಿಕೆಯ ಮೇಲೆಯೇ ಅವರು ಬರೆದುಕೊಳ್ಳುತ್ತಿದ್ದರು. ಸೀಟು ನನ್ನದಾಗುತ್ತಿತ್ತು. ಅಮ್ಮನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು, ಬಳೆ ಒತ್ತಿ ನೋವಾಗುವಷ್ಟು ಗಟ್ಟಿಯಾಗಿ. ದಮ್ಮಯ್ಯ ಎಂದು ಬಾಯಿಬಿಟ್ಟು ಹೇಳಿದ್ದರೂ ಅಷ್ಟು ಕೇಳಿಸುತ್ತಿರಲಿಲ್ಲ. ಗುಂಡ್ಯದಲ್ಲಿ ಕೂಗಾಡಿದವಳು ಅಮ್ಮನ ಕೈ ಬಿಡಿಸಿಕೊಳ್ಳಲಿಲ್ಲ.

"ಅತ್ತೆ" ಎಂದೆ.

ಅವರು ಕಾಗದ ಮಡಚಿ ಎದ್ದರು. ಸೀಟು ಮುಂದಿನ ಹುಡುಗಿಗೆ ಹೋಯಿತು. ನಾನು ಪುತ್ತೂರಿಗೆ ಹೋದದ್ದು ನಿಜ, ಬಟ್ಟೆ ಅಂಗಡಿಯ ಕೆಲಸಕ್ಕೆ. ದುಡಿಯುತ್ತಲೇ ಕರೆಸ್ಪಾಂಡೆನ್ಸಿನಲ್ಲಿ ಬಿ.ಎ. ಮುಗಿಸಿದೆ. ಇವತ್ತಿಗೂ ಆ ಅಂಗಡಿಯಲ್ಲೇ ಇದ್ದೇನೆ.

ಅಮ್ಮ ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಊಟ ಆಯ್ತಾ ಮಗಾ ಎಂದು ಕೇಳುತ್ತಾಳೆ. "ಆಯ್ತು ಅತ್ತೆ" ಎನ್ನುತ್ತೇನೆ. ಹಾಗೆ ಯಾಕೆ ಕರೆಯುತ್ತಿ ಎಂದು ಒಂದು ಸಲ ಕೇಳಲಿ, ಬೈಯಲಿ, ಅಳಲಿ ಎಂದು ಕಾಯುತ್ತೇನೆ. ಅವಳು ಅಡುಗೆ ಎಂತ ಎಂದು ಕೇಳುತ್ತಾಳೆ.