ರಂಗಜ್ಜಿ ಎರಡನೇ ಸಲ ಅಳಲಿಲ್ಲ

ಗೆಳೆಯರೇ, ಇವತ್ತು ಪುರವರದಲ್ಲಿ ನನ್ನ ಮೊದಲ ಸಿನಿಮಾದ ಅಳುವ ದೃಶ್ಯ ತೆಗೆಯಬೇಕಿತ್ತು. ನನಗೆ ಈ ವಿದ್ಯೆ ಕಲಿಸಿದವರು ಯಾರೂ ಇಲ್ಲ. ಮದರಾಸಿನಿಂದ ತರಿಸಿದ ಪುಸ್ತಕ ಓದಿ ಕಲಿಯುತ್ತಿದ್ದೇನೆ. ತಾಯಿಯ ಪಾತ್ರಕ್ಕೆ ಒಪ್ಪಿದ್ದ ಊರಿನ ರಂಗಜ್ಜಿ ಹೊಸ್ತಿಲ ಮೇಲೆ ಕೂತು ನಿಜವಾಗಿಯೇ ಬಿಕ್ಕಿ ಬಿಕ್ಕಿ ಅತ್ತರು. ನಾನು ಕೈಯಿಂದ ಓಡಿಸುವ ಕ್ಯಾಮರಾದ ಹಿಡಿಕೆ ತಿರುಗಿಸುತ್ತಲೇ ಇದ್ದೆ. ಮುಗಿದ ಮೇಲೆ ನೋಡಿದರೆ, ಲೆನ್ಸಿನ ಮುಚ್ಚಳವನ್ನೇ ತೆಗೆದಿರಲಿಲ್ಲ.

“ಅಜ್ಜಿ, ಇನ್ನೊಂದು ಸಲ ಅಳಬೇಕಲ್ಲ” ಎಂದೆ.

“ಪ್ಲೇಗಿನಾಗೆ ಹೋದ ಮಗಳ್ನ ನೆನೆಸ್ಕಂಡು ಅತ್ತೆ ಕಣಪ್ಪ. ಒಂದೇ ದಿನ ಎಲ್ಡು ಸಲ ಆಗಾಕಿಲ್ಲ” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನನ್ನು ನೋಡಿ, “ನೀನ್ಯಾಕೆ ಅಂಗೆ ಸಪ್ಪಗಾದೆ? ನಾಳೀಕೆ ಬಾ, ಅಳ್ತೀನಿ” ಎಂದರು.

ಗುರುವಿಲ್ಲದೆ ಕಲಿಯುವವನು ತಪ್ಪು ಮಾಡಿದರೆ ಏಟು ಬೇರೆಯವರಿಗೆ ಬೀಳುತ್ತದೆ.