ನಿರ್ಮಾಲ್ಯದ ಗುಂಡಿ

ಮನೋರಮಾ ನೆಟ್ಟ ಬಸಳೆಯನ್ನು ತಿಂದವರು ಯಾವಾಗಲೂ ಬೇರೆಯವರೇ. ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬಳ್ಳಿ ಚಪ್ಪರಕ್ಕೆ ಹಬ್ಬುವಷ್ಟರಲ್ಲಿ ಗಂಡ ಅಶ್ವತ್ಥನಾರಾಯಣರಿಗೆ ಇನ್ನೊಂದು ಮನೆ ಅಲಾಟ್ ಆಗುತ್ತಿತ್ತು. ಅವರು ನಿವೃತ್ತರಾದ ಮೇಲೆ ಘಾಜಿಯಾಬಾದಿನಲ್ಲಿ ಸ್ವಂತ ಫ್ಲಾಟೇನೋ ಆಯಿತು, ಆದರೆ ಐದನೇ ಮಹಡಿಯಲ್ಲಿ. ಸ್ವಂತ ಮನೆ ಬಂತು, ನೆಲ ಹೋಯಿತು.

ಹೀಗಿರುವಾಗ ದೆಹಲಿಯ ಒಂದು ವಿಶ್ವವಿದ್ಯಾಲಯದವರು ಬಂದರು. ತಮ್ಮ ಹಾಸ್ಟೆಲುಗಳ ಕಸವನ್ನೆಲ್ಲ ಗೊಬ್ಬರ ಮಾಡಿದ್ದರಂತೆ, ಇನ್ನು ಹೊರಗಿನ ಕಾಲೊನಿಗಳಲ್ಲೂ ಮಾಡಿಸುತ್ತಾರಂತೆ. ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಎರಡು ಗುಂಡಿ ತೋಡಿಸಿದರು. ಹೋಳಿಯ ಹೊತ್ತಿಗೆ ಗೊಬ್ಬರ ಬಂದರೆ ಆ ಜಾಗವೆಲ್ಲ ಕೈತೋಟ, ಬಾರದಿದ್ದರೆ ಪಾರ್ಕಿಂಗ್ ಎಂದು ಸೊಸೈಟಿಯ ಸೆಕ್ರೆಟರಿ ತ್ಯಾಗಿ ಷರತ್ತು ಹಾಕಿದ. ಉಸ್ತುವಾರಿಗೆ ಮುಂದೆ ಬಂದವಳು ಮನೋರಮಾ ಒಬ್ಬಳೇ. ಅಂದಿನಿಂದ ಅವಳ ಕಣ್ಣಿಗೆ ಅಲ್ಲಿ ಗುಂಡಿ ಕಾಣಲೇ ಇಲ್ಲ, ಬಸಳೆ ಚಪ್ಪರವೇ ಕಂಡಿತು.

ಅಲ್ಲಿಯವರೆಗೆ ಸೊಸೈಟಿಯ ಕನ್ನಡದ ಮನೆಗಳವರು ದೇವರ ಮೇಲಿನ ಹೂವನ್ನು ಚೀಲಕ್ಕೆ ಕಟ್ಟಿ ಹಿಂಡನ್ ಸೇತುವೆಯಿಂದ ಹೊಳೆಗೆ ಹಾಕುತ್ತಿದ್ದರು. ಈಗ ಒಂದು ಗುಂಡಿ ನಿರ್ಮಾಲ್ಯಕ್ಕೆ, ಇನ್ನೊಂದು ಎಂಜಲು ಮುಸುರೆಗೆ ಎಂದು ಮನೋರಮಾ ಮನೆಮನೆಗೆ ಹೋಗಿ ಹೇಳಿಬಂದಳು. ಯಾರೂ ಎದುರಾಡಲಿಲ್ಲ. ಹೇಳಬೇಕಾದ್ದೇ ಇರಲಿಲ್ಲ, ಎಲ್ಲರ ಮನಸ್ಸಿನಲ್ಲೂ ಇದ್ದದ್ದೇ ಅದು.

ಕೆಲಸ ನೋಡಲು ವಿಶ್ವವಿದ್ಯಾಲಯ ನೇಮಿಸಿದ್ದ ವಿದ್ಯಾರ್ಥಿನಿ ತನ್ವಿ, ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ. ಗುಂಡಿ ನೋಡಿ ಮೇಲೆ ಮನೆಗೆ ಬಂದು ಹಣೆ ಚಚ್ಚಿಕೊಂಡಳು.

"ಆಂಟಿ, ಒಂದು ತುಂಬಿದ ಮೇಲೇ ಇನ್ನೊಂದು ಅಂತ ಬೋಲಾ ಥಾ ನಾ? ಎಲ್ಲಾ ಮಿಕ್ಸ್ ಆದ್ರೇನೇ ಒಳಗೆ ಬಿಸಿಯಾಗಿ ಕೊಳೆಯೋದು."

"ದೇವರ ಹೂವಿನ ಮೇಲೆ ಎಂಜಲು ಸುರಿಯೋದೇನೇ?"

"ಗುಂಡಿಗೆ ಮಡಿ ಇಲ್ಲ ಆಂಟಿ."

"ಸುರಿಯೋ ಕೈಗಿದೆಯಲ್ಲ."

ಅಶ್ವತ್ಥನಾರಾಯಣರು ಪೇಪರಿನಿಂದ ತಲೆ ಎತ್ತದೆ, "ಗುಂಡಿಗೂ ಪಂಕ್ತಿಭೇದ ತಂದ್ಯಲ್ಲೇ" ಎಂದರು.

ಚಳಿಗಾಲ ಕಳೆಯಿತು. ಹೂವಿನ ಗುಂಡಿಯಲ್ಲಿ ಸೇವಂತಿಗೆ ಒಣಗಿ ಹೊಟ್ಟಿನಂತೆ ಗರಗರ ಎನ್ನುತ್ತಿತ್ತು. ಮುಸುರೆಯ ಗುಂಡಿ ನಾರಿ, ನೊಣ ಕೆಳಗಿನ ಮನೆಗಳೊಳಗೆ ನುಗ್ಗಿದವು. ತ್ಯಾಗಿ ಮೂಗಿಗೆ ಕರವಸ್ತ್ರ ಹಿಡಿದೇ ಮೇಲೆ ಬಂದ. "ಭಾಭೀಜಿ, ಇದರ ಬದ್ಬೂ ಯೂನಿವರ್ಸಿಟಿವರೆಗೆ ಹೋಗೋದಿಲ್ಲ. ನಾವು ಇಲ್ಲೇ ಇರೋರು."

ಹೋಳಿ ಹತ್ತಿರವಾಯಿತು. ಒಂದು ಮಧ್ಯಾಹ್ನ, ಎಲ್ಲರೂ ಮಲಗಿದ ಹೊತ್ತು, ಮನೋರಮಾ ಸಲಿಕೆ ಹಿಡಿದು ಇಳಿದಳು. ಮುಸುರೆಯನ್ನು ಎತ್ತೆತ್ತಿ ದೇವರ ಹೂವಿನ ಮೇಲೆ ಹಾಕಿದಳು. ಹಾಕುವಾಗ ಬಾಯಲ್ಲಿ "ತಪ್ಪಾಯ್ತಪ್ಪ, ತಪ್ಪಾಯ್ತು" ಎನ್ನುತ್ತಲೇ ಇದ್ದಳು. ಮೇಲೆ ಬಂದು ತಲೆಗೆ ನೀರು ಹುಯ್ದುಕೊಂಡಳು. ಅಂದು ಸಂಜೆ ದೇವರ ಮುಂದೆ ದೀಪ ಹಚ್ಚಲು ಗಂಡನನ್ನು ಕಳಿಸಿದಳು.

ಕೆಲವು ದಿನ ಬಿಟ್ಟು ಗುಂಡಿಯೊಳಗೆ ಕೈ ಇಟ್ಟರೆ, ಒಲೆಯಿಂದ ಆಗಷ್ಟೇ ಇಳಿಸಿದ ಅನ್ನದ ಪಾತ್ರೆಯಂತೆ ಬಿಸಿ. ನಾತ ಹೋಗಿತ್ತು. ಅಲ್ಲೇ ನಿಂತು ತನ್ವಿಗೆ ಫೋನ್ ಮಾಡಿದಳು.

"ಬಿಸಿಯಾಗಿದೆ ಕಣೇ. ಬಂದು ಮುಟ್ಟಿ ನೋಡು."

"ಅಚ್ಛಾ ಆಂಟಿ... ಆದ್ರೆ ನಿಮ್ಮ ಸೊಸೈಟೀದು ಆಗ್ಲಿಲ್ಲ ಅಂತ ರಿಪೋರ್ಟ್ ಹೋಗಿಬಿಡ್ತು. ಈಗ ಬೇರೆ ಕಾಲೊನಿ ತಗೊಂಡಿದಾರೆ."

"ಇನ್ನು ಸ್ವಲ್ಪ ದಿನ ಬಿಟ್ರೆ ಗೊಬ್ಬರ ಆಗುತ್ತೆ ಅಂತ ತ್ಯಾಗಿಗೆ ನೀನಾದ್ರೂ ಒಂದು ಮಾತು ಹೇಳು."

"ನಾನೀಗ ಆ ಪ್ರಾಜೆಕ್ಟ್‌ನಲ್ಲೇ ಇಲ್ಲ ಆಂಟಿ. ನನ್ನ ಮಾತು ಕೌನ್ ಸುನೇಗಾ?"

ತಾನೇ ಹೋಗಿ ಹೇಳಿದರೆ ತ್ಯಾಗಿಯೂ ಕೇಳಲಿಲ್ಲ. ಹೋಳಿ ಮುಗಿದ ಮಾರನೆಯ ದಿನ ಪಾರ್ಕಿಂಗಿಗೆಂದು ಒಡೆದ ಇಟ್ಟಿಗೆ, ಸಿಮೆಂಟು ಬಂದವು. ಇಟ್ಟಿಗೆ ಚೂರು ತುಂಬುವ ಮುಂಚೆ ಕೂಲಿಯವನು ಗುಂಡಿಗೆ ಇಳಿದು ತುಳಿಯಹೋದವನು ಥಟ್ಟನೆ ಕಾಲೆತ್ತಿದ.

"ಮಾತಾಜಿ, ಒಳಗೆ ಬೆಂಕಿ ಗಿಂಕಿ ಇದೆಯಾ?"

"ಏನೂ ಇಲ್ಲ ಭಯ್ಯಾ," ಎಂದಳು ಮನೋರಮಾ. "ಮುಚ್ಚು."