ಮಾದಿಹಳ್ಳಿಯಲ್ಲಿ ಚರಗ ಚೆಲ್ಲಿದ ದಿನ

ಅರಸೀಕೆರೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನನ್ನ ಹೊಲಿಗೆ ಅಂಗಡಿ. ಬ್ಲೌಸು, ಸೀರೆಗೆ ಫಾಲ್ಸು, ಜೂನ್ ಬಂತೆಂದರೆ ಶಾಲೆಯ ಯೂನಿಫಾರಂ. ಅದರ ಜೊತೆಗೆ ಬಹಳ ವರ್ಷಗಳಿಂದ ಇನ್ನೊಂದು ಕೆಲಸವನ್ನೂ ಮಾಡಿಕೊಂಡು ಬಂದಿದ್ದೇನೆ. ಹುಡುಕುವವರ ಕೈಗೆ ಸಿಕ್ಕರೆ ಜೀವ ಉಳಿಯುವುದಿಲ್ಲ ಎನ್ನುವ ಹೆಣ್ಣುಮಕ್ಕಳನ್ನು ಬೇರೊಬ್ಬರನ್ನಾಗಿ ಮಾಡಿ ಕಳಿಸುವ ಕೆಲಸ. ಗಂಡನ ಮಚ್ಚಿಗೆ ಹೆದರಿ ಬಂದವರಿದ್ದಾರೆ, ಜಾತಿ ಬಿಟ್ಟು ಮದುವೆಯಾಗಿ ತವರಿನವರಿಂದಲೇ ತಪ್ಪಿಸಿಕೊಂಡು ಬಂದವರಿದ್ದಾರೆ. ಕೋರ್ಟು, ಅರ್ಜಿ, ಕಾಗದಪತ್ರಗಳನ್ನೆಲ್ಲ ಹಾಸನದ ವಕೀಲೆಯೊಬ್ಬರು ನೋಡಿಕೊಳ್ಳುತ್ತಾರೆ. ಅವರು ಫೋನ್ ಮಾಡಿ, "ಒಂದು ಅರ್ಜೆಂಟ್ ಬ್ಲೌಸ್ ಇದೆ ಕಣ್ರೀ" ಅಂದರೆ ನಾನು ಮಿಷಿನ್ನಿಗೆ ಬಟ್ಟೆ ಹೊದಿಸಿ ಸ್ಟೇಷನ್ನಿಗೆ ಹೊರಡುತ್ತೇನೆ.

ಹೆಸರು ಬದಲಾಯಿಸಲು ಅರ್ಧ ದಿನ ಸಾಕು. ಮೈಗೆ ಅಂಟಿದ್ದು ಹೋಗಲು ತಿಂಗಳುಗಳೇ ಬೇಕು. ಬ್ಲೌಸಿನ ತೋಳಿನ ಉದ್ದ ನೋಡಿಯೇ ಯಾವ ಸೀಮೆಯವಳೆಂದು ನಾನು ಹೇಳಬಲ್ಲೆ. ನಾನು ಹೇಳಬಲ್ಲೆನಾದರೆ ಇನ್ನೊಬ್ಬರೂ ಹೇಳಬಲ್ಲರು. ಆದ್ದರಿಂದ ಮೊದಲು ಹೊಸ ಬ್ಲೌಸು. ಆಮೇಲೆ ತಲೆ ಬಾಚುವ ರೀತಿ, ಕೊಡವನ್ನು ಸೊಂಟದಲ್ಲಿಟ್ಟು ನಡೆಯುವುದು, ಮುದ್ದೆಯನ್ನು ಅಗಿಯದೆ ನುಂಗುವುದು. ಕಲಿಸುವುದು ಅಂಗಡಿಯಲ್ಲಲ್ಲ, ಮಾದಿಹಳ್ಳಿಯ ನನ್ನ ಅಕ್ಕನ ಮನೆಯಲ್ಲಿ. ಅಕ್ಕನಿಗೆ ನಾಲ್ಕು ಹಸು, ತೆಂಗಿನ ತೋಟ, ಊರ ಅಂಚಿಗೆ ಒಂದು ತುಂಡು ಹೊಲ. ಮೈತುಂಬ ಕೆಲಸ ಕೊಟ್ಟರೆ ಮೈ ತಾನಾಗಿ ಹೊಸದನ್ನು ಕಲಿಯುತ್ತದೆ.

ಆ ಹುಡುಗಿ ಬಂದದ್ದು ವಿಜಯಪುರದ ಕಡೆಯಿಂದ. ಮನೆಯವರಿಗೆ ಬೇಡವಾದ ಜಾತಿಯ ಹುಡುಗನನ್ನು ಮದುವೆಯಾಗಿದ್ದಳು. ಗಂಡನನ್ನು ವಕೀಲೆ ಬೇರೆ ಊರಿನಲ್ಲಿ ಅಡಗಿಸಿಟ್ಟಿದ್ದರು. ಇವಳನ್ನು ಹುಡುಕುತ್ತಿದ್ದವನು ಒಡಹುಟ್ಟಿದ ಅಣ್ಣ. ಸಿಕ್ಕರೆ ಕೊಚ್ಚಿಹಾಕುತ್ತೇನೆಂದು ಊರ ನಡುವೆ ನಿಂತು ಹೇಳಿದ್ದನಂತೆ. ಅಕ್ಕ ಇವಳನ್ನು ತನ್ನ ಗಂಡನ ಕಡೆಯ ನೆಂಟರ ಹುಡುಗಿ ಎಂದು ಬೀದಿಗೆ ಪರಿಚಯಿಸಿದಳು. ಹುಡುಗಿ ಚುರುಕು. ದೊಡ್ಡವರು ಎದುರು ಬಂದರೆ ತಲೆಯ ಮೇಲೆ ಸೆರಗೆಳೆಯುವ ಅಭ್ಯಾಸವನ್ನು ಹದಿನೈದು ದಿನದಲ್ಲಿ ಬಿಟ್ಟಳು. ಎರಡನೇ ತಿಂಗಳಿಗೆ "ಬತ್ತೀನಿ ಕಣಕ್ಕಾ" ಎನ್ನುತ್ತ ಡೇರಿಗೆ ಹಾಲು ಹಾಕಿ ಬರುತ್ತಿದ್ದಳು. ನಾನು ನಿಶ್ಚಿಂತೆಯಿಂದ ಅರಸೀಕೆರೆಯಲ್ಲಿದ್ದೆ.

ಎಳ್ಳಮಾವಾಸ್ಯೆಯ ದಿನ ಮಧ್ಯಾಹ್ನ ಅಕ್ಕನ ಫೋನ್ ಬಂತು. "ಬೇಗ ಬಾರೇ. ಇವ್ಳು ಹೊಲ್ದಲ್ಲಿ ಊಟ ಎರಚವ್ಳೆ."

ಹುಡುಗಿಯ ಸೀಮೆಯಲ್ಲಿ ಅದು ದೊಡ್ಡ ಹಬ್ಬ. ಎಳ್ಳಮಾವಾಸ್ಯೆಗೆ ಬಗೆಬಗೆಯ ಅಡಿಗೆ ಮಾಡಿ ಹೊಲಕ್ಕೆ ಒಯ್ದು, ಭೂಮಿತಾಯಿಗೆಂದು ಸುತ್ತಲೂ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ಹುಡುಗಿ ಹಳೇಬೀಡಿನ ಅಂಗಡಿಯಿಂದ ಜೋಳದ ಹಿಟ್ಟು ತಂದು ಗುಟ್ಟಾಗಿ ಕಡುಬು ಮಾಡಿ, ರಾಗಿ ಕುಯ್ದ ಹೊಲದಲ್ಲಿ ಚೆಲ್ಲಿಬಿಟ್ಟಿದ್ದಳು. ಶುಂಠಿ ಕೀಳಲು ಬಂದಿದ್ದ ವಿಜಯಪುರದ ಕಡೆಯ ಕೂಲಿಯವರು ರಸ್ತೆಯಿಂದ ನೋಡಿ, "ನಮ್ ಕಡಿಯಾಕಿ ಅದಾಳ್ರೋ ಇಲ್ಲಿ!" ಎಂದು ಸಂತೋಷದಿಂದ ಕೂಗಿದರಂತೆ. ಪಾಪ, ಅವರಿಗೇನು ಗೊತ್ತು. ರಾತ್ರಿ ಮನೆಗೆ ಫೋನ್ ಮಾಡಿದಾಗ ಹೇಳುತ್ತಾರೆ. ಮಾತು ಎಲ್ಲಿಗೆ ಮುಟ್ಟುತ್ತದೋ.

ನಾನು ಬಸ್ಸಿಳಿದಾಗ ಹುಡುಗಿ ಒಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು. "ಒಂದ್ ವರ್ಷಾನೂ ತಪ್ಪಿಸಿಲ್ರೀ. ಭೂಮಿ ಹಸಕೊಂಡಿರ್ತೈತಿ ಅನಿಸ್ತು."

ಬೈಯಲು ಹೊತ್ತಿರಲಿಲ್ಲ. ಬೇರೆ ಕಡೆ ಸಾಗಿಸೋಣವೆಂದು ಅಕ್ಕ ಅಂದಳು. ನಾನು ಬೇಡವೆಂದೆ. ಹಬ್ಬದ ದಿನವೇ ಹುಡುಗಿ ಮಾಯವಾದರೆ ಬೀದಿಯವರ ಬಾಯಲ್ಲಿ ಅವಳದೇ ಮಾತು. ಬಿದ್ದ ಕಲೆ ಹೋಗದಿದ್ದರೆ ಬಟ್ಟೆಗೆಲ್ಲ ಅದೇ ಬಣ್ಣ ಹಾಕಬೇಕು, ಅಂಗಡಿಯಲ್ಲಿ ನಾನು ಮಾಡುವುದೂ ಅದನ್ನೇ. "ಹೊತ್ತು ಮುಳುಗೋಕೆ ಇನ್ನೂ ಟೈಮ್ ಐತೆ. ಅಕ್ಕಿಹಿಟ್ಟು ತೆಗಿ, ಬೆಲ್ಲ ತೆಗಿ," ಎಂದು ಸೆರಗು ಸಿಕ್ಕಿಸಿದೆ. ನಮಗೆ ಬರುವ ಕಡುಬನ್ನೇ ಎರಡು ಪಾತ್ರೆ ಬೇಯಿಸಿದೆವು. ನಾನು ಬೀದಿಯ ಬಾಗಿಲು ಬಾಗಿಲಿಗೂ ಹೋಗಿ ಕರೆದೆ.

"ಇದ್ಯಾವ್ ಹೊಸ ಹಬ್ಬ ತಂದೆ ಕಣೇ, ಟೈಲರಮ್ಮ?" ಎಂದಳು ಎದುರು ಮನೆಯಾಕೆ. ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಜೋರು.

"ಬಿಜಾಪುರದ ಕಡೆ ಮಾಡ್ತಾರಂತೆ. ಭೂಮ್ತಾಯಿಗೆ ಊಟ. ನಾವೂ ಮಾಡಿದ್ರೆ ಏನು ಗಂಟು ಹೋಗ್ತೈತೆ?"

"ಕಡುಬು ನಮ್ಗೂ ಐತೋ, ಎಲ್ಲಾ ಭೂಮಿಗೇನೋ?"

ಸುಳ್ಳು ಹೇಳಲಿಲ್ಲ, ಹೇಳಿಸಲೂ ಇಲ್ಲ. ಹತ್ತು ಹನ್ನೆರಡು ಹೆಂಗಸರು ಹೊಲಕ್ಕೆ ಬಂದರು, ನಗಾಡಿಕೊಂಡು ಚೆಲ್ಲಿದರು, ಬದುವಿನ ಮೇಲೆ ಕೂತು ತಿಂದರು.

ಮೂರು ವಾರದ ಮೇಲೆ ಒಂದು ಭಾನುವಾರ ನಾನು ಅಕ್ಕನ ಜಗಲಿಯ ಮೇಲೆ ಎದುರು ಮನೆಯಾಕೆಯ ಬ್ಲೌಸಿಗೆ ಅಳತೆ ತೆಗೆಯುತ್ತಿದ್ದೆ. ಹುಡುಗಿ ಕೊಟ್ಟಿಗೆಯಲ್ಲಿದ್ದಳು. ಬಸ್ಸಿಳಿದ ಗಂಡಸೊಬ್ಬ ನೇರ ನಮ್ಮತ್ತ ಬಂದ. ಬಿಳಿ ಅಂಗಿ, ಕೈಯಲ್ಲಿ ಮೊಬೈಲು. ಬಾಯಿ ತೆರೆದ ಕೂಡಲೇ ಯಾರೆಂದು ತಿಳಿಯಿತು.

"ಯವ್ವಾ, ಅಮಾಸಿ ದಿನ ಇಲ್ಲಿ ಚರಗ ಚೆಲ್ಲಿದಾಕಿ ಯಾರ್ರೀ?"

ಟೇಪು ನನ್ನ ಕೈಯಲ್ಲೇ ನಿಂತಿತು. ಎದುರು ಮನೆಯಾಕೆ ಎತ್ತಿದ ತೋಳನ್ನೂ ಇಳಿಸದೆ ಹೇಳಿದಳು: "ಯಾರು ಅಂದ್ರೆ? ನಾನು ಚೆಲ್ಲಿದ್ದೀನಿ, ಇವ್ರಕ್ಕ ಚೆಲ್ಲವ್ರೆ, ಕೊನೇ ಮನೆ ಮುದುಕಿನೂ ಚೆಲ್ಲವ್ಳೆ. ಯಾಕಪ್ಪಾ, ಕೇಸ್ ಹಾಕ್ತೀಯಾ?"

"ನಿಮ್ ಕಡಿ ಈ ಪದ್ಧತಿ ಇಲ್ಲಲ್ರೀ."

"ಇರ್ಲಿಲ್ಲ. ಈಗೈತೆ."

ಅವನು ಮೊಬೈಲ್ ಚಾಚಿದ. ಫೋಟೊದಲ್ಲಿ ತಲೆ ತುಂಬ ಸೆರಗು ಹೊದ್ದ, ಕತ್ತನ್ನು ಸ್ವಲ್ಪ ಎಡಕ್ಕೆ ವಾಲಿಸಿದ ನಮ್ಮ ಹುಡುಗಿ. ಎದುರು ಮನೆಯಾಕೆ ಅದನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು. "ಊಹೂಂ. ಇಂಥ ಹುಡ್ಗಿ ಈ ಬೀದೀಲಿಲ್ಲ ಕಣಪ್ಪಾ," ಎಂದು ವಾಪಸು ಕೊಟ್ಟಳು. ಅಷ್ಟರಲ್ಲಿ ನಮ್ಮ ಅಕ್ಕ, ಮನೆಗೆ ಯಾರೇ ಬಂದರೂ ಕೈ ಸುಮ್ಮನಿರದವಳು, ಕಾಫಿ ತಂದು ಅವನ ಮುಂದಿಟ್ಟಳು. ನನಗೆ ಅವಳ ಕಿವಿ ಹಿಂಡಬೇಕೆನಿಸಿತು. ಅವನು ಅದನ್ನು ಕುಡಿದು, ಲೋಟ ಜಗಲಿಯ ಅಂಚಿಗಿಟ್ಟು, ಮುಂದಿನ ಬಸ್ಸಿಗೆ ಹೋದ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಎದುರು ಮನೆಯಾಕೆ ನನ್ನ ತೊಡೆಗೆ ಹೊಡೆದಳು. "ಬ್ಲೌಸ್ ಬದ್ಲಾಯಿಸ್ದೆ, ಜಡೆ ಬದ್ಲಾಯಿಸ್ದೆ. ಆ ಕತ್ತು ಯಾರು ನೆಟ್ಟಗೆ ಮಾಡೋರು? ಡೇರಿ ಮುಂದೆ ದಿನಾ ಹಂಗೇ ನಿಲ್ತಾಳೆ ಕಣೇ!"

ಅವಳಿಗೆ ಎಷ್ಟು ದಿನದಿಂದ ಗೊತ್ತಿತ್ತೋ ನಾನು ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಕೆಲಸದ ತಪ್ಪನ್ನು ಎತ್ತಿ ತೋರಿಸಿದವಳು ಅವಳೊಬ್ಬಳೇ.

ಹುಡುಗಿ ಕೊಟ್ಟಿಗೆಯಲ್ಲಿ ಕರುವಿನ ಹಗ್ಗ ಹಿಡಿದು ನಿಂತಿದ್ದಳು. ಗೋಡೆಯ ಸಂದಿಯಿಂದ ಎಲ್ಲವನ್ನೂ ನೋಡಿದ್ದಳು.

"ಅಣ್ಣ ಭಾಳ ಸೊರಗ್ಯಾನ್ರೀ."

"ಕಾಫಿ ಕುಡ್ಕೊಂಡ್ ಹೋದ."

"ಅವ ಕಾಫಿ ಮುಟ್ಟಂಗಿಲ್ರೀ, ಬರೇ ಚಾ."

"ಕುಡಿದ ಕಣವ್ವಾ, ತಳ ಕಾಣೋ ಹಂಗೆ."

"ಹಂಗಾರ ಹಸದಿದ್ದ," ಎಂದು ಕರುವಿನ ಮೈಗೆ ಮುಖ ಒತ್ತಿದಳು. ನಾನು ಪಕ್ಕದಲ್ಲಿ ನಿಂತಿದ್ದೆ, ಅಕ್ಕ ಹಾಲು ಕರೆಯಲು ಬರುವವರೆಗೂ.

ವಕೀಲೆಗೆ ಫೋನ್ ಮಾಡಿದೆ. ಗಂಡನಿರುವ ಊರಿನಲ್ಲಿ ಬಾಡಿಗೆಗೆ ಮನೆ ಸಿಕ್ಕಿದೆ, ಮಾರನೆಯ ಬೆಳಿಗ್ಗೆ ಬೇಲೂರಿನಲ್ಲಿ ಕಾಯುತ್ತೇನೆ ಎಂದರು. ಬೆಳಿಗ್ಗೆ ಬೇಲೂರಿಗೆ ಕರೆದೊಯ್ಯಲು ನಾನು ಸಿದ್ಧಳಾದರೆ ಎದುರು ಮನೆಯಾಕೆ ಬ್ಯಾಗು ಕಸಿದುಕೊಂಡಳು. "ನೀನು ಹಿಂದಿನ ಸೀಟಲ್ಲಿ ಕೂತ್ಕೊ. ನನ್ ಮಗ್ಳು ಅಂತ ನಾನೇ ಕರ್ಕೊಂಡೋಯ್ತೀನಿ."

ಬಸ್ಸು ತುಂಬಿತ್ತು. ಹಳೇಬೀಡು ದಾಟುವವರೆಗೂ ಆಕೆಯ ಬಾಯಿ ನಿಲ್ಲಲಿಲ್ಲ: ಕಿಟಕಿ ಪಕ್ಕ ಕೂರಬೇಡ, ಅಲ್ಲಿ ಹೋಗಿ ಹೊತ್ತಿಗೆ ಸರಿಯಾಗಿ ಉಣ್ಣು, ಬೆಳಿಗ್ಗೆ ಬೇಗ ಏಳು. ಎದುರು ಸೀಟಿನವರು ನಗಲು ಶುರುಮಾಡಿದರು. ಕೊನೆಗೆ ಹುಡುಗಿ ಕತ್ತು ನೆಟ್ಟಗೆ ಮಾಡಿ, ಎಲ್ಲರಿಗೂ ಕೇಳಿಸುವಂತೆ ಅಂದಳು: "ಆಯ್ತು ಸುಮ್ನಿರವ್ವಾ, ಊರೋರೆಲ್ಲಾ ನೋಡ್ತಾವ್ರೆ!"